ಪದ ಪರಿಚಯ: ಅಮೈಲಾಯ್ಡೋಸಿಸ್

ಅಮೈಲಾಯ್ಡೋಸಿಸ್ ಎಂದರೆ ಹೃದಯದಲ್ಲಿ ಪಿಷ್ಟ ಕಟ್ಟಿಕೊಳ್ಳುವ ರೋಗವೆಂದು ವಿವರಿಸಿ, ಅದರ ಬೆನ್ನಿಗೇ ಅನ್ನ, ಆಲೂಗಡ್ಡೆ ಬಿಡಬೇಕೆಂಬ ಪಥ್ಯವನ್ನೂ ಹೇಳುವ ಬರಹಗಳು ಇನ್ನಾದರೂ ನಿಲ್ಲಬೇಕು. ಪಿಷ್ಟಕ್ಕೆ ಲ್ಯಾಟಿನ್‌ನಲ್ಲಿ 'ಅಮೈಲಂ' ಎನ್ನುವುದು ನಿಜ. 1854ರಲ್ಲಿ ಜರ್ಮನಿಯ ರೋಗಶಾಸ್ತ್ರಜ್ಞ ರುಡಾಲ್ಫ್ ವಿರ್ಶೋ, ಅಂಗಾಂಶದಲ್ಲಿ ಕಂಡ ವಸ್ತುವೊಂದು ಅಯೋಡಿನ್ ತಾಗಿದೊಡನೆ ಪಿಷ್ಟದಂತೆ ನೀಲಿಗಟ್ಟಿದ್ದನ್ನು ನೋಡಿ ಈ ಹೆಸರನ್ನು ಬಳಕೆಗೆ ತಂದರು. ಐದೇ ವರ್ಷಗಳಲ್ಲಿ ವೈದ್ಯ ಫ್ರೀಡ್ರೈಕ್ ಮತ್ತು ರಸಾಯನಶಾಸ್ತ್ರಜ್ಞ ಕೆಕುಲೆ ಅದು ಪಿಷ್ಟವಲ್ಲ, ಪ್ರೋಟೀನ್ ಜಾತಿಯ ವಸ್ತುವೆಂದು ತೋರಿಸಿಕೊಟ್ಟರೂ ಹೆಸರು ಮಾತ್ರ ಬದಲಾಗಲಿಲ್ಲ. 'ಪಿಷ್ಟದಂಥದು' ಎಂಬ ಆ ಹೆಸರನ್ನು 1859ರ ನಂತರವೂ ಅಕ್ಷರಶಃ ನಂಬುವುದಕ್ಕೆ ಯಾವ ಸಮರ್ಥನೆಯೂ ಇಲ್ಲ.

ಈ ರೋಗದಲ್ಲಿ ಕಟ್ಟಿಕೊಳ್ಳುವುದು ತಪ್ಪಾಗಿ ಮಡಚಿಕೊಂಡ ಪ್ರೋಟೀನಿನ ನಾರುಗಳು. ಹೃದಯಕ್ಕೆ ಇಳಿಯುವ ಪ್ರೋಟೀನುಗಳಲ್ಲಿ ಮುಖ್ಯವಾದವು ಎರಡು: ಮೂಳೆಮಜ್ಜೆಯ ಪ್ಲಾಸ್ಮಾ ಕೋಶಗಳಿಂದ ಬರುವ ಲೈಟ್ ಚೈನ್ (ಪ್ರತಿಕಾಯದ ಒಂದು ತುಂಡು), ಯಕೃತ್ತಿನಲ್ಲಿ ತಯಾರಾಗುವ ಟ್ರಾನ್ಸ್‌ಥೈರೆಟಿನ್.

ಸ್ನಾಯುಕೋಶಗಳ ನಡುವೆ ಸೇರುವ ಈ ನಾರುಗಳು ವಿದ್ಯುತ್ ಸಂಕೇತದ ಹಾದಿಗೆ ಅಡ್ಡ ಬರುವುದರಿಂದ, ಉಬ್ಬಸವೂ ಕಾಲೂತವೂ ಕಾಣುವ ಮೊದಲೇ ಕೆಲವರಲ್ಲಿ ಬಡಿತದ ಲಯ ತಪ್ಪುತ್ತದೆ. ಮೇಲಿನ ಕೋಣೆಗಳಲ್ಲಿ ಏಟ್ರಿಯಲ್ ಫಿಬ್ರಿಲೇಷನ್, ಅಂದರೆ ಲಯವಿಲ್ಲದ ಅದುರುವಿಕೆ, ತಲೆದೋರಬಹುದು, ಇಲ್ಲವೇ ಸಂಕೇತ ಕೆಳಗಿಳಿಯದೆ ಹಾರ್ಟ್ ಬ್ಲಾಕ್ ಆಗಿ ಪೇಸ್‌ಮೇಕರ್ ಹಾಕಿಸಬೇಕಾಗಬಹುದು. ಹಾರ್ಟ್ ಬ್ಲಾಕ್ ಎಂದರೆ ರಕ್ತನಾಳ ಕಟ್ಟಿಕೊಳ್ಳುವುದಲ್ಲ ಎಂಬುದನ್ನು ಇಲ್ಲಿ ಮತ್ತೊಮ್ಮೆ ಹೇಳಬೇಕಾಗಿ ಬಂದಿರುವುದು ಬೇಸರದ ಸಂಗತಿ.

ಹಾಗೆಂದು ಲಯ ತಪ್ಪಿದವರೆಲ್ಲರಿಗೂ ಅಮೈಲಾಯ್ಡೋಸಿಸ್ ಇರುವುದಿಲ್ಲ. ಬಿಪಿ, ಕವಾಟದ ತೊಂದರೆ, ಥೈರಾಯ್ಡ್ ಇವೇ ಹೆಚ್ಚು ಸಾಮಾನ್ಯ ಕಾರಣಗಳು. ಸಂಶಯ ಬಲವಾಗುವುದು ಜೊತೆಗಿರುವ ಸಂಗತಿಗಳಿಂದ. ಬಿಪಿಯಿಂದ ಗೋಡೆ ದಪ್ಪವಾದ ಹೃದಯದ ಇಸಿಜಿಯಲ್ಲಿ ಅಲೆಗಳು ಹೆಚ್ಚಾಗಿ ಎತ್ತರವಾಗಿರುತ್ತವೆ. ಎಕೋದಲ್ಲಿ (ಹೃದಯದ ಅಲ್ಟ್ರಾಸೌಂಡ್‌ನಲ್ಲಿ) ಗೋಡೆ ದಪ್ಪವಾಗಿಯೂ ಇಸಿಜಿಯ ಅಲೆಗಳು ಕುಳ್ಳಾಗಿಯೂ ಕಂಡರೆ, ಅದರ ಮೇಲೆ ವರ್ಷಗಳ ಹಿಂದೆ ಎರಡೂ ಕೈಗಳಿಗೆ ಕಾರ್ಪಲ್ ಟನಲ್ ಶಸ್ತ್ರಚಿಕಿತ್ಸೆ (ಮಣಿಕಟ್ಟಿನಲ್ಲಿ ಒತ್ತಿಕೊಂಡ ನರವನ್ನು ಬಿಡಿಸುವುದು) ಆಗಿದ್ದರೆ, ವೈದ್ಯರು ಈ ರೋಗವನ್ನು ಹುಡುಕಬೇಕು. ಅಮೈಲಾಯ್ಡ್ ಸೇರಿದ ಹೃದಯದ ಮೇಲಿನ ಕೋಣೆಯಲ್ಲಿ ರಕ್ತ ಸುಲಭವಾಗಿ ಹೆಪ್ಪುಗಟ್ಟುತ್ತದೆಯಾದ್ದರಿಂದ, ಫಿಬ್ರಿಲೇಷನ್ ಇದ್ದರೆ ಪಾರ್ಶ್ವವಾಯುವಿನ ಅಪಾಯವನ್ನು ಅಳೆಯುವ ಎಂದಿನ ಅಂಕಪಟ್ಟಿಗೆ ಕಾಯದೆ, ರಕ್ತಸ್ರಾವದ ಭಯ ಹೆಚ್ಚಿಲ್ಲದವರಿಗೆ ಹೆಪ್ಪುತಡೆ ಔಷಧಿ ಕೊಡುವುದು ರೂಢಿ.

ಟ್ರಾನ್ಸ್‌ಥೈರೆಟಿನ್ ಬಗೆಯನ್ನು, ವಿಕಿರಣಸೂಸುವ ವಸ್ತುವನ್ನು ಚುಚ್ಚಿ ತೆಗೆಯುವ ಪೈರೋಫಾಸ್ಫೇಟ್ ಸ್ಕ್ಯಾನ್ ಹಿಡಿದುಕೊಡುತ್ತದೆ. ಆದರೆ ಆ ಸ್ಕ್ಯಾನ್ ಕೆಲವೊಮ್ಮೆ ಲೈಟ್ ಚೈನ್ ಬಗೆಯಲ್ಲೂ ಹೊಳೆಯುವುದರಿಂದ, ಜೊತೆಗೆ ರಕ್ತ ಮತ್ತು ಮೂತ್ರದಲ್ಲಿ ಲೈಟ್ ಚೈನ್ ಪರೀಕ್ಷೆಯೂ ಆಗಲೇಬೇಕು. ಏಕೆಂದರೆ ಲೈಟ್ ಚೈನ್ ಬಗೆಯಾಗಿದ್ದರೆ ತಡಮಾಡದೆ ಮಜ್ಜೆಯ ಕೋಶಗಳ ಮೇಲೆಯೇ ಚಿಕಿತ್ಸೆ ಆರಂಭವಾಗಬೇಕಾಗುತ್ತದೆ.