ಗಾಣದ ಎಣ್ಣೆಗೆ ಬದಲಾದರೂ ಕೊಲೆಸ್ಟರಾಲ್ ಇಳಿಯಲಿಲ್ಲವೇಕೆ?

ಪ್ರಶ್ನೆ: ಎರಡು ವರ್ಷದ ಹಿಂದೆ ರಿಫೈನ್ಡ್ ಸೂರ್ಯಕಾಂತಿ ಎಣ್ಣೆ ಬಿಟ್ಟು ಮರದ ಗಾಣದ ಶೇಂಗಾ ಎಣ್ಣೆ ತರಲು ಶುರು ಮಾಡಿದೆವು. ಬೆಲೆ ಹೆಚ್ಚಾದರೂ ಆರೋಗ್ಯಕ್ಕೆ ಒಳ್ಳೆಯದೆಂದು ಬಿಟ್ಟಿಲ್ಲ. ಆದರೆ ಮೊನ್ನೆ ನಮ್ಮ ಮನೆಯವರ ರಕ್ತ ಪರೀಕ್ಷೆ ಮಾಡಿಸಿದಾಗ ಕೊಲೆಸ್ಟರಾಲ್ ಹೆಚ್ಚೇ ಬಂದಿದೆ. ಗಾಣದವರೂ ಕಲಬೆರಕೆ ಮಾಡುತ್ತಾರೆಯೇ? ಮತ್ತೆ ರಿಫೈನ್ಡ್ ಎಣ್ಣೆಗೇ ಹೋಗಬೇಕೇ?

ಉತ್ತರ: ಗಾಣದವರನ್ನು ಅನುಮಾನಿಸುವ ಮೊದಲು ಒಂದು ಮಾತು ಹೇಳಿ: ನಿಮ್ಮ ಮನೆಯ ಎಣ್ಣೆ ಕ್ಯಾನ್ ಎಷ್ಟು ದಿನಕ್ಕೆ ಖಾಲಿಯಾಗುತ್ತದೆ? ಯಾವ ಎಣ್ಣೆ ಎಂದು ಎಲ್ಲರೂ ಕೇಳುತ್ತಾರೆ, ಎಷ್ಟು ಎಣ್ಣೆ ಎಂದು ಕೇಳುವವರು ಕಡಿಮೆ. ನನ್ನ ದೃಷ್ಟಿಯಲ್ಲಿ ಎರಡನೆಯದೇ ದೊಡ್ಡ ಪ್ರಶ್ನೆ.

ಹೈದರಾಬಾದಿನ ರಾಷ್ಟ್ರೀಯ ಪೋಷಣಾ ಸಂಸ್ಥೆ 2024ರ ತನ್ನ ಆಹಾರ ಮಾರ್ಗಸೂಚಿಯಲ್ಲಿ, ದಿನಕ್ಕೆ 2,000 ಕ್ಯಾಲೊರಿ ಊಟ ಮಾಡುವವರಿಗೆ ಸುಮಾರು 27 ಗ್ರಾಂ ಎಣ್ಣೆ-ಕೊಬ್ಬು ಸಾಕು ಎಂದಿದೆ. ಅಂದರೆ 15 ಮಿ.ಲೀ.ಯ ದೊಡ್ಡ ಚಮಚದಲ್ಲಿ ಎರಡು. ಅನ್ನಕ್ಕೆ ಹಾಕಿಕೊಳ್ಳುವ ತುಪ್ಪವೂ ಅದರಲ್ಲೇ ಸೇರಬೇಕು. ನಾಲ್ಕು ಜನರ ಮನೆಗೆ ಲೆಕ್ಕ ಹಾಕಿದರೆ ತಿಂಗಳಿಗೆ ಸುಮಾರು ಮೂರೂವರೆ ಲೀಟರ್. ಐದು ಲೀಟರಿನ ಕ್ಯಾನ್ 40 ದಿನ ದಾಟಿ ಬರಬೇಕು. ಬಹಳಷ್ಟು ಮನೆಗಳಲ್ಲಿ ಅದು ತಿಂಗಳು ತುಂಬುವ ಮೊದಲೇ ಮುಗಿದಿರುತ್ತದೆ.

ನಾನೂ ಒಮ್ಮೆ ಅಳೆದು ನೋಡಿದ್ದೇನೆ. ಸಾರಿನ ಒಗ್ಗರಣೆಗೆ ‘ಚೂರು’ ಎಂದುಕೊಂಡು ಮಿಳ್ಳೆಯಿಂದ ಸೌಟಿಗೆ ಬಗ್ಗಿಸುತ್ತಿದ್ದ ಎಣ್ಣೆಯನ್ನು ಅಳತೆಯ ಲೋಟಕ್ಕೆ ಸುರಿದರೆ 30 ಮಿ.ಲೀ. ಗೆರೆ ಮುಟ್ಟಿತ್ತು. ಆಮೇಲೆ ಪಲ್ಯ, ಬೆಳಗಿನ ದೋಸೆ, ಚಟ್ನಿಪುಡಿಯ ಮೇಲೆ ಹಾಕಿಕೊಳ್ಳುವುದು ಬೇರೆ. ಗಾಣದ ಎಣ್ಣೆ ಬಂದ ಮನೆಯಲ್ಲಿ ಕೈ ಇನ್ನಷ್ಟು ಧಾರಾಳವಾಗುತ್ತದೆ. ಪರಿಮಳ ಚೆನ್ನಾಗಿದೆ, ಒಳ್ಳೆಯದು ಎಂಬ ಧೈರ್ಯವೂ ಇದೆ. ಆದರೆ ಎಣ್ಣೆ ಯಾವುದೇ ಇರಲಿ, ಒಂದು ಗ್ರಾಮಿಗೆ 9 ಕ್ಯಾಲೊರಿ. ಗಾಣಕ್ಕೆ ರಿಯಾಯಿತಿ ಇಲ್ಲ.

ಈಗ ಗಾಣ ಮತ್ತು ರಿಫೈನ್ಡ್ ವಿಚಾರ. ಎಣ್ಣೆಯಲ್ಲಿ ಯಾವ ಬಗೆಯ ಕೊಬ್ಬು ಎಷ್ಟಿರಬೇಕು ಎಂಬುದನ್ನು ನಿರ್ಧರಿಸುವುದು ಬೀಜ. ಶೇಂಗಾವನ್ನು ಗಾಣದಲ್ಲಿ ಹಿಂಡಿದರೂ ಕಾರ್ಖಾನೆಯಲ್ಲಿ ಶುದ್ಧೀಕರಿಸಿದರೂ ಅದರ ಎಣ್ಣೆಯಲ್ಲಿ ಐದನೆಯ ಒಂದು ಭಾಗಕ್ಕೆ ಹತ್ತಿರ ಸ್ಯಾಚುರೇಟೆಡ್ ಕೊಬ್ಬು ಇರುತ್ತದೆ, ಉಳಿದದ್ದು ಅನ್‌ಸ್ಯಾಚುರೇಟೆಡ್. ಕೆಟ್ಟ ಕೊಲೆಸ್ಟರಾಲ್ ಎನ್ನುವ ಎಲ್‌ಡಿಎಲ್ ಏರುವುದಕ್ಕೂ ಇಳಿಯುವುದಕ್ಕೂ ಮುಖ್ಯವಾಗಿ ಸಂಬಂಧವಿರುವುದು ಈ ಹಂಚಿಕೆಗೆ: ಸ್ಯಾಚುರೇಟೆಡ್ ಹೆಚ್ಚಾದರೆ ಅದು ಏರುತ್ತದೆ, ಅದರ ಜಾಗಕ್ಕೆ ಅನ್‌ಸ್ಯಾಚುರೇಟೆಡ್ ಬಂದರೆ ಇಳಿಯುತ್ತದೆ. ನೀವು ಮೊದಲು ಬಳಸುತ್ತಿದ್ದ ಸೂರ್ಯಕಾಂತಿ ಎಣ್ಣೆಯಲ್ಲಿ ಸ್ಯಾಚುರೇಟೆಡ್ ಕೊಬ್ಬು ಸುಮಾರು ಶೇ 11 ಮಾತ್ರ. ಹಾಗಾಗಿ ಈ ಬದಲಾವಣೆಯಿಂದ ಕೊಲೆಸ್ಟರಾಲ್ ಇಳಿಯಬೇಕಿತ್ತು ಎಂಬ ನಿರೀಕ್ಷೆಯೇ ಸರಿಯಲ್ಲ. ಶೇಂಗಾ ಎಣ್ಣೆ ಕೆಟ್ಟದ್ದೆಂದು ಇದರ ಅರ್ಥವಲ್ಲ. ನಮ್ಮ ಅಡುಗೆಗೆ ಒಳ್ಳೆಯ ಎಣ್ಣೆಗಳಲ್ಲಿ ಅದೂ ಒಂದು.

ಗಾಣದಲ್ಲಿ ಉಳಿಯುವುದು ಪರಿಮಳ, ಬಣ್ಣ, ವಿಟಮಿನ್ ಇ, ಸಸ್ಯಜನ್ಯ ಸ್ಟೆರಾಲ್‌ಗಳು. ಶುದ್ಧೀಕರಣದಲ್ಲಿ ಎಣ್ಣೆಯ ಜಿಗುಟು ತೆಗೆಯುತ್ತಾರೆ, ಕ್ಷಾರದಿಂದ ಹುಳಿ ಅಂಶ ಕಳೆಯುತ್ತಾರೆ, ಜೇಡಿಮಣ್ಣಿನಂಥ ಪುಡಿಯಲ್ಲಿ ಸೋಸಿ ಬಣ್ಣ ಇಳಿಸುತ್ತಾರೆ, ಕೊನೆಗೆ 200 ಡಿಗ್ರಿ ಸೆಲ್ಸಿಯಸ್ ಆಸುಪಾಸಿನ ಶಾಖದಲ್ಲಿ ಹಬೆ ಹಾಯಿಸಿ ವಾಸನೆ ತೆಗೆಯುತ್ತಾರೆ. ಇದರಲ್ಲಿ ಒಳ್ಳೆಯ ಅಂಶಗಳೂ ಒಂದಿಷ್ಟು ಹೋಗುತ್ತವೆ. ಹಾಗೆಂದು ರಿಫೈನ್ಡ್ ಎಣ್ಣೆಯನ್ನು ವಿಷವೆನ್ನುವುದು ಅನ್ಯಾಯ. ಬೂಷ್ಟು ಹಿಡಿದ ಶೇಂಗಾದಲ್ಲಿ ಅಫ್ಲಟಾಕ್ಸಿನ್ ಎಂಬ ವಿಷ ಹುಟ್ಟುತ್ತದೆ. ಯಕೃತ್ತಿನ ಕ್ಯಾನ್ಸರಿಗೆ ದಾರಿಮಾಡುವ ವಸ್ತು ಅದು. ಶುದ್ಧೀಕರಣದಲ್ಲಿ ಅದು ಬಹುಪಾಲು ಹೊರಟುಹೋಗುತ್ತದೆ. ಗಾಣದಲ್ಲಿ ಆ ರಕ್ಷಣೆ ಇಲ್ಲ, ಬೀಜ ಎಂಥದೋ ಎಣ್ಣೆಯೂ ಅಂಥದು.

ಆದ್ದರಿಂದ ಗಾಣಕ್ಕೆ ಹೋದಾಗ ಎಣ್ಣೆಯನ್ನಲ್ಲ, ಮೂಟೆಯನ್ನು ನೋಡಿ. ಒಂದು ಹಿಡಿ ಬೀಜ ಅಂಗೈಗೆ ಹಾಕಿಸಿಕೊಳ್ಳಿ. ಸುಕ್ಕುಗಟ್ಟಿದ, ಕಪ್ಪಾದ, ಹಸಿರು-ಬೂದು ಬಣ್ಣದ ಪುಡಿ ಅಂಟಿದ ಕಾಳು ಇದ್ದರೆ ಬೇಡ. ಎರಡು ಬೀಜ ಬಿಡಿಸಿ ಮೂಸಿ. ಮುಗ್ಗಲು ಅಥವಾ ಕಮಟು ವಾಸನೆ ಬಂದರೆ ಎಣ್ಣೆ ಕೊಳ್ಳದೆ ಬನ್ನಿ. ಒಳ್ಳೆಯ ಗಾಣದವರು ಬೀಜ ತೋರಿಸಲು ಬೇಸರ ಮಾಡಿಕೊಳ್ಳುವುದಿಲ್ಲ.

ಪೂರಿ, ಬಜ್ಜಿ ಕರಿಯುವುದಕ್ಕೆ ಮಾತ್ರ ನಾನು ಗಾಣದ ಎಣ್ಣೆ ಬೇಡ ಎನ್ನುತ್ತೇನೆ. ಶುದ್ಧೀಕರಿಸದ ಶೇಂಗಾ ಎಣ್ಣೆ ಸುಮಾರು 160 ಡಿಗ್ರಿಗೇ ಹೊಗೆಯಾಡತೊಡಗುತ್ತದೆ. ಕರಿಯಲು 170ರಿಂದ 190 ಡಿಗ್ರಿ ಬೇಕು. ರಿಫೈನ್ಡ್ ಶೇಂಗಾ ಎಣ್ಣೆ 230 ಡಿಗ್ರಿಯವರೆಗೆ ತಡೆಯುತ್ತದೆ. ಕರಿದು ಉಳಿದ ಎಣ್ಣೆಗೆ ಹೊಸ ಎಣ್ಣೆ ಬೆರೆಸಿ ಬಾಣಲೆ ತುಂಬಿಸುವ ಅಭ್ಯಾಸವಂತೂ ಬೇಡವೇ ಬೇಡ. ಮತ್ತೆ ಮತ್ತೆ ಕಾಯಿಸಿದ ಎಣ್ಣೆಯಲ್ಲಿ ಎಣ್ಣೆ ಕೆಟ್ಟು ಹುಟ್ಟುವ, ಧ್ರುವೀಯ ಸಂಯುಕ್ತಗಳು ಎಂಬ ಹಾನಿಕರ ವಸ್ತುಗಳು ಹೆಚ್ಚುತ್ತವೆ. ಅವು ಶೇ 25 ದಾಟಿದ ಎಣ್ಣೆಯನ್ನು ಬಳಸಬಾರದೆಂದು ಆಹಾರ ಸುರಕ್ಷತಾ ಪ್ರಾಧಿಕಾರ 2018ರ ಜುಲೈ 1ರಿಂದ ನಿಯಮ ಮಾಡಿದೆ. ಮನೆಯಲ್ಲಿ ಅದನ್ನು ಅಳೆಯಲಾಗದು. ಬಣ್ಣ ಕಪ್ಪಾಗಿ, ನೊರೆ ಎದ್ದು, ಬೆರಳಿಗೆ ಅಂಟಂಟಾದರೆ ಚೆಲ್ಲಿ.

ತೆಂಗಿನೆಣ್ಣೆಯ ಬಗ್ಗೆ ಕರಾವಳಿಯವರು ಖಂಡಿತ ಕೇಳುತ್ತಾರೆ. ಅದರಲ್ಲಿ ಶೇ 90ರಷ್ಟು ಸ್ಯಾಚುರೇಟೆಡ್ ಕೊಬ್ಬು. 16 ಪ್ರಯೋಗಗಳನ್ನು ಒಟ್ಟುಗೂಡಿಸಿ 2020ರಲ್ಲಿ ಪ್ರಕಟವಾದ ವಿಶ್ಲೇಷಣೆಯಲ್ಲಿ, ಇತರ ಸಸ್ಯಜನ್ಯ ಎಣ್ಣೆಗಳಿಗೆ ಹೋಲಿಸಿದರೆ ತೆಂಗಿನೆಣ್ಣೆ ಎಲ್‌ಡಿಎಲ್ಲನ್ನು 100 ಮಿ.ಲೀ. ರಕ್ತಕ್ಕೆ ಸುಮಾರು 10 ಮಿಲಿಗ್ರಾಂ ಏರಿಸಿತ್ತು. ಒಳ್ಳೆಯ ಎಚ್‌ಡಿಎಲ್ಲೂ 4 ಮಿಲಿಗ್ರಾಂ ಏರಿತ್ತು, ಆದರೆ ಅದು ಸಮಾಧಾನಕ್ಕೆ ಸಾಲದು. ಮೀನುಸಾರಿಗೆ, ಒಗ್ಗರಣೆಗೆ ಒಂದು ಚಮಚ ಇರಲಿ. ಕೊಲೆಸ್ಟರಾಲ್ ಹೆಚ್ಚಿರುವವರು ಅದನ್ನೇ ಮನೆಯ ಮುಖ್ಯ ಎಣ್ಣೆ ಮಾಡಿಕೊಳ್ಳಬಾರದು.

ಪ್ಯಾಕೆಟ್ಟಿನ ಮೇಲಿನ ‘ಕೊಲೆಸ್ಟರಾಲ್ ರಹಿತ’ ಎಂಬ ಮಾತಿಗೆ ಬೆಲೆ ಕೊಡಬೇಡಿ. ಯಾವ ಸಸ್ಯದ ಎಣ್ಣೆಯಲ್ಲೂ ಹೇಳಿಕೊಳ್ಳುವಷ್ಟು ಕೊಲೆಸ್ಟರಾಲ್ ಇರುವುದಿಲ್ಲ.

ನೀವು ಗಾಣದ ಶೇಂಗಾ ಎಣ್ಣೆಯನ್ನೇ ಮುಂದುವರಿಸಿ, ಅಳತೆ ಮಾತ್ರ ತಗ್ಗಿಸಿ. ಕ್ಯಾನ್ ಒಡೆದ ದಿನ ಅದರ ಮೇಲೆ ತಾರೀಖು ಬರೆಯಿರಿ, ಮಿಳ್ಳೆಯ ಬದಲು ಚಮಚ ಇಟ್ಟುಕೊಳ್ಳಿ. ನಡುವೆ ಒಮ್ಮೊಮ್ಮೆ ಕುಸುಬೆ ಅಥವಾ ಸೂರ್ಯಕಾಂತಿ ಎಣ್ಣೆ ತನ್ನಿ. ಶೇಂಗಾದಲ್ಲೂ ಸೂರ್ಯಕಾಂತಿಯಲ್ಲೂ ದೇಹಕ್ಕೆ ಬೇಕಾದ ಒಮೆಗಾ-3 ಎಂಬ ಕೊಬ್ಬು ಇಲ್ಲವೆನ್ನುವಷ್ಟು ಕಡಿಮೆ. ಉತ್ತರ ಕರ್ನಾಟಕದ ಮನೆಗಳಲ್ಲಿ ರೊಟ್ಟಿಯ ಜೊತೆಗಿರುವ ಅಗಸೆ ಚಟ್ನಿ ಆ ಕೊರತೆಯನ್ನು ಚೆನ್ನಾಗಿ ತುಂಬುತ್ತದೆ, ಅಗಸೆಯ ಎಣ್ಣೆಯಲ್ಲಿ ಅರ್ಧಕ್ಕಿಂತ ಹೆಚ್ಚು ಅದೇ.

ನಿಮ್ಮ ಮನೆಯವರು ಹೊರಗೆ ಏನು ತಿನ್ನುತ್ತಾರೆ ಎಂದೂ ಕೇಳಿ. ಸಂಜೆಯ ಪಫ್, ಬೋಂಡಾ ಯಾವ ಎಣ್ಣೆಯಲ್ಲಿ ಆದವೆಂದು ನಿಮಗೆ ತಿಳಿಯುವುದಿಲ್ಲ. ಇನ್ನೊಂದು ಮಾತು: ರಕ್ತದಲ್ಲಿರುವ ಕೊಲೆಸ್ಟರಾಲಿನ ಬಹುಪಾಲನ್ನು ನಮ್ಮ ದೇಹವೇ ತಯಾರಿಸುತ್ತದೆ. ವಂಶದಿಂದ ಬಂದದ್ದಿರಬಹುದು, ಥೈರಾಯ್ಡ್ ಕಡಿಮೆಯಾಗಿದ್ದರೂ ಏರುತ್ತದೆ. ಥೈರಾಯ್ಡ್ ಮತ್ತು ಸಕ್ಕರೆಯ ಪರೀಕ್ಷೆಯನ್ನೂ ಮಾಡಿಸಬೇಕೇ ಎಂದು ವೈದ್ಯರನ್ನು ಕೇಳಿ. ಅವರು ಮಾತ್ರೆ ಬರೆದುಕೊಟ್ಟರೆ, ಗಾಣದ ಎಣ್ಣೆ ತಿನ್ನುತ್ತಿದ್ದೇವಲ್ಲ ಎಂದು ಅದನ್ನು ನಿಲ್ಲಿಸಬೇಡಿ.