ಮಜ್ಜಿಗೆ ಮೆಣಸು ಒಣಗುವ ಹೊತ್ತಿನಲ್ಲಿ ನಡೆಯುವುದೇನು?

ಹಿತ್ತಲಲ್ಲಿ ನಾಲ್ಕು ಮೆಣಸಿನ ಗಿಡ ಹಾಕಿದವರಿಗೆಲ್ಲ ಈ ಪಾಡು ಗೊತ್ತು. ಎರಡು ತಿಂಗಳು ಒಗ್ಗರಣೆಗೂ ಒಂದು ಕಾಯಿ ಸಿಗುವುದಿಲ್ಲ, ಆಮೇಲೆ ಒಂದೇ ವಾರದಲ್ಲಿ ಮೊರದ ತುಂಬ. ಪಕ್ಕದ ಮನೆಗೆ ಕೊಟ್ಟಾಯಿತು, ಚಟ್ನಿಗೆ ಸುರಿದಾಯಿತು, ಇನ್ನೂ ಉಳಿದಿದೆ. ಹಾಗೇ ಇಟ್ಟರೆ ತೊಟ್ಟು ಕಪ್ಪಾಗಿ ಲೋಳೆಯಾಗುತ್ತದೆ. ಅದೇ ಕಾಯಿಯನ್ನು ಸೀಳಿ, ಉಪ್ಪು ಹಾಕಿದ ಹುಳಿ ಮಜ್ಜಿಗೆಯಲ್ಲಿ ರಾತ್ರಿ ನೆನೆಸಿ, ಹಗಲು ಬಿಸಿಲಿಗೆ ಹಾಕಿ, ಸಂಜೆ ಮತ್ತೆ ಅದೇ ಮಜ್ಜಿಗೆಗೆ ಹಾಕಿ, ಮಜ್ಜಿಗೆಯೆಲ್ಲ ಹೀರಿ ಮುಗಿಯುವವರೆಗೆ ಹೀಗೇ ಮಾಡಿದರೆ ವರ್ಷವಿಡೀ ಕೆಡುವುದಿಲ್ಲ. ಕೆಲವರಿಗೆ ಇದು ಮಜ್ಜಿಗೆ ಮೆಣಸು, ಕೆಲವರಿಗೆ ಬಾಳಕ.

ಯಾಕೆ ಕೆಡುವುದಿಲ್ಲ ಅಂತ ಕೇಳಿದರೆ "ಉಪ್ಪಿದೆಯಲ್ಲ" ಅನ್ನುತ್ತಾರೆ. ಅರ್ಧ ಸರಿ. ಉಳಿದರ್ಧ ಇನ್ನೂ ಮಜವಾಗಿದೆ.

ಬ್ಯಾಕ್ಟೀರಿಯಾಕ್ಕೂ ಬೂಸ್ಟಿಗೂ ಬದುಕಲು ನೀರು ಬೇಕು. ಆದರೆ ಪದಾರ್ಥದಲ್ಲಿ ಎಷ್ಟು ನೀರಿದೆ ಅನ್ನುವುದಕ್ಕಿಂತ, ಅದರಲ್ಲಿ ಎಷ್ಟು ಅವುಗಳ ಕೈಗೆ ಸಿಗುತ್ತದೆ ಅನ್ನುವುದೇ ಮುಖ್ಯ. ಜೇನುತುಪ್ಪದಲ್ಲಿ ಶೇಕಡಾ 18ರ ಹತ್ತಿರ ನೀರಿರುತ್ತದೆ, ಆದರೂ ಕೆಡುವುದಿಲ್ಲ, ಅಲ್ವಾ? ಆ ನೀರನ್ನೆಲ್ಲ ಸಕ್ಕರೆ ಬಿಗಿಯಾಗಿ ಹಿಡಿದುಕೊಂಡಿದೆ. ಹೀಗೆ ಬಿಡುವಾಗಿ ಸಿಗುವ ನೀರನ್ನು ಅಳೆಯುವ ಲೆಕ್ಕಕ್ಕೆ ವಾಟರ್ ಆಕ್ಟಿವಿಟಿ ಅನ್ನುತ್ತಾರೆ. ಶುದ್ಧ ನೀರಿಗೆ 1, ನೀರೇ ಇಲ್ಲದ್ದಕ್ಕೆ 0. ಹಸಿ ತರಕಾರಿ 1ಕ್ಕೆ ತೀರಾ ಹತ್ತಿರ ಇರುತ್ತದೆ. 0.9ರ ಕೆಳಗೆ ಹೆಚ್ಚಿನ ಬ್ಯಾಕ್ಟೀರಿಯಾ ಸುಮ್ಮನಾಗುತ್ತವೆ. ಬೂಸ್ಟು ಹಟಮಾರಿ, 0.8ರಲ್ಲೂ ಆರಾಮಾಗಿ ಬೆಳೆಯುತ್ತದೆ. 0.6ರ ಕೆಳಗೆ ಯಾವುದೂ ಬೆಳೆಯುವುದಿಲ್ಲ.

ಈಗ ಉಪ್ಪಿಗೆ ಬನ್ನಿ. ನೀರಿಗೆ ಇನ್ನು ಕರಗದಷ್ಟು ಉಪ್ಪು ಸುರಿದರೂ ಈ ಅಂಕಿ 0.75ಕ್ಕೆ ನಿಂತುಬಿಡುತ್ತದೆ. ಅಂದರೆ ಬರೀ ಉಪ್ಪಿನಿಂದ 0.6 ಮುಟ್ಟುವುದು ಸಾಧ್ಯವೇ ಇಲ್ಲ, ಆ ಕೆಲಸ ಬಿಸಿಲೇ ಮಾಡಬೇಕು. ಹಾಗಾದರೆ ಉಪ್ಪು, ಮಜ್ಜಿಗೆ ಯಾಕೆ? ಮೊದಲ ಮೂರು ನಾಲ್ಕು ದಿನ ಕಾಯಿ ಇನ್ನೂ ಹಸಿಯೇ ಇರುತ್ತದಲ್ಲ, ಕೊಳೆಯಲು ಹೇಳಿ ಮಾಡಿಸಿದ ಸ್ಥಿತಿ ಅದು. ಆಗ ಕಾವಲು ಕಾಯುವುದು ಉಪ್ಪು ಮತ್ತು ಮಜ್ಜಿಗೆಯ ಹುಳಿ. ಆ ಹುಳಿಯ ಮೂಲವಾದ ಲ್ಯಾಕ್ಟಿಕ್ ಆಮ್ಲವೂ ಉಪ್ಪೂ ಒಟ್ಟಿಗೆ ಇದ್ದಲ್ಲಿ ಕೊಳೆಸುವ ಬ್ಯಾಕ್ಟೀರಿಯಾ ತಳವೂರುವುದು ಕಷ್ಟ. ಬಿಸಿಲು ತನ್ನ ಕೆಲಸ ಮುಗಿಸುವವರೆಗೆ ಸಮಯ ಸಿಕ್ಕರೆ ಸಾಕು.

ಸೀಳುವುದೂ ಸುಮ್ನೆ ಅಲ್ಲ. ಮೆಣಸಿನಕಾಯಿಯ ಹೊಳಪು ಅಂದರೆ ಮೇಣದ ಪದರ, ಅದು ನೀರನ್ನು ಸುಲಭಕ್ಕೆ ಹೊರಗೆ ಬಿಡುವುದಿಲ್ಲ. ಸೀಳಿದ ಜಾಗವೇ ಬಾಗಿಲು. ಉಪ್ಪು ಅಲ್ಲಿಂದ ಒಳಗೆ, ನೀರು ಅಲ್ಲಿಂದ ಹೊರಗೆ.

ಇನ್ನು ನನ್ನ ಪೆದ್ದುತನ. ಒಂದು ವರ್ಷ ಗಲಗಲ ಅನ್ನುವಷ್ಟು ಒಣಗಿದ ಕಾಯಿಯನ್ನು ಮಧ್ಯಾಹ್ನ ತಾರಸಿಯಿಂದ ತಂದು ಬಿಸಿಬಿಸಿಯಾಗಿಯೇ ಡಬ್ಬಿಗೆ ತುಂಬಿ ಮುಚ್ಚಳ ಬಿಗಿದೆ. ಆಷಾಢದ ಹೊತ್ತಿಗೆ ತೆಗೆದು ನೋಡಿದರೆ ಮೇಲೆಲ್ಲ ಬಿಳಿ ಬೂಸ್ಟು. ಬಿಸಿ ಕಾಯಿಂದ ಎದ್ದ ಆವಿ ರಾತ್ರಿ ತಣ್ಣಗಾಗಿ ಮುಚ್ಚಳದ ಒಳಗೆ ಹನಿಯಾಗಿ ಇಳಿದಿತ್ತು, ಬೂಸ್ಟಿಗೆ ಅಷ್ಟು ಸಾಕು. ಈಗ ಪೂರ್ತಿ ಆರಿಸಿ, ಒಂದು ವಾರ ಗಾಜಿನ ಬಾಟಲಿಯಲ್ಲಿಟ್ಟು ದಿನವೂ ಅಲ್ಲಾಡಿಸಿ ನೋಡುತ್ತೇನೆ. ಒಂದಕ್ಕೊಂದು ಅಂಟಿದರೆ, ಗಾಜು ಮಬ್ಬಾದರೆ, ಮತ್ತೆ ಬಿಸಿಲಿಗೆ.

ಮಳೆಗಾಲದಲ್ಲಿ ಇನ್ನೊಂದು ಕಾಟವಿದೆ. ಮೇಲೆ ಹೇಳಿದ 0.75 ಇಲ್ಲಿ ತಿರುಗುಬಾಣವಾಗುತ್ತದೆ. ಗಾಳಿಯ ತೇವಾಂಶ ಶೇಕಡಾ 75 ದಾಟಿದರೆ ಉಪ್ಪು ಗಾಳಿಯಿಂದಲೇ ನೀರು ಎಳೆದುಕೊಳ್ಳುತ್ತದೆ. ಜುಲೈಯಲ್ಲಿ ಉಪ್ಪಿನ ಡಬ್ಬಿ ಒದ್ದೆಯಾಗುವುದೂ, ತೆರೆದಿಟ್ಟ ಮಜ್ಜಿಗೆ ಮೆಣಸು ಮೆತ್ತಗಾಗುವುದೂ ಇದರಿಂದಲೇ. ಮಂಗಳೂರು, ಆಗುಂಬೆ ಕಡೆಯವರಿಗೆ ಇದನ್ನು ಬೇರೆ ಹೇಳಬೇಕಾಗಿಲ್ಲ.

ಎಲ್ಲ ಗಿಡಕ್ಕೂ ಈ ಉಪಾಯ ಹೊಂದುವುದಿಲ್ಲ. ಮೆಣಸಿನ ಪಕ್ಕದಲ್ಲೇ ಬೆಳೆಯುವ ದೊಡ್ಡಪತ್ರೆಯನ್ನೇ ನೋಡಿ. ಅದರ ಘಮ ಕಾರ್ವಕ್ರಾಲ್, ಥೈಮಾಲ್ ಅನ್ನುವ ಪದಾರ್ಥಗಳದ್ದು. ಓಮಕಾಳಿನಲ್ಲೂ ಥೈಮಾಲ್ ಇದೆ, ಅದಕ್ಕೇ ಎರಡರ ವಾಸನೆ ಒಂದೇ ಥರ. ಇವು ಗಾಳಿಗೆ ಹಾರುವಂಥವು. ಮೆಣಸಿನ ಖಾರವಾದ ಕ್ಯಾಪ್ಸೈಸಿನ್ ಹಾಗೆ ಹಾರಿಹೋಗುವುದಿಲ್ಲ. ದಪ್ಪಗಿನ ದೊಡ್ಡಪತ್ರೆ ಎಲೆ ಬಿಸಿಲಲ್ಲಿ ಒಣಗುವಷ್ಟರಲ್ಲಿ ಘಮದ ಬಹುಪಾಲು ಹೋಗಿರುತ್ತದೆ. ಎಲೆಯನ್ನು ತುಪ್ಪದಲ್ಲಿ ಜೀರಿಗೆ, ಕಾಳುಮೆಣಸಿನ ಜೊತೆ ಬಾಡಿಸಿ, ಕಾಯಿತುರಿ ಹಾಕಿ ರುಬ್ಬಿ, ಮಜ್ಜಿಗೆ ಬೆರೆಸಿ ತಂಬುಳಿ ಮಾಡುವುದೇ ಲೇಸು. ಆ ಘಮದ ಎಣ್ಣೆಗಳು ನೀರಿಗಿಂತ ತುಪ್ಪದಲ್ಲಿ ಚೆನ್ನಾಗಿ ಕರಗುತ್ತವೆ, ಕಾಯಿಯ ಜಿಡ್ಡಲ್ಲೂ ಉಳಿಯುತ್ತವೆ. ಕೆಲವು ಎಲೆ ಇಟ್ಟು ತಿನ್ನುವುದಕ್ಕಲ್ಲ, ಕಿತ್ತು ತಿನ್ನುವುದಕ್ಕೆ.

ಹಸಿ ಸೊಪ್ಪನ್ನೋ ಬೆಳ್ಳುಳ್ಳಿಯನ್ನೋ ಸುಮ್ಮನೆ ಎಣ್ಣೆಯಲ್ಲಿ ಮುಳುಗಿಸಿ ಹೊರಗಿಡುವುದಂತೂ ಬೇಡವೇ ಬೇಡ. ಎಣ್ಣೆ ಗಾಳಿಯನ್ನು ತಡೆಯುತ್ತದೆ, ಒಳಗಿನ ನೀರನ್ನಲ್ಲ. ಬಾಟುಲಿಸಂ ಅನ್ನುವ ಜೀವಕ್ಕೇ ಅಪಾಯದ ಕಾಯಿಲೆ ತರುವ ಬ್ಯಾಕ್ಟೀರಿಯಾಕ್ಕೆ ಗಾಳಿಯಿಲ್ಲದ, ಹುಳಿಯಿಲ್ಲದ, ಒದ್ದೆ ಜಾಗವೇ ಇಷ್ಟ. ಅದರ ವಿಷಕ್ಕೆ ವಾಸನೆಯೂ ಇಲ್ಲ. ನಮ್ಮ ಉಪ್ಪಿನಕಾಯಿಯಲ್ಲೂ ಎಣ್ಣೆ ಇದೆಯಲ್ಲ ಅಂದರೆ, ಅಲ್ಲಿ ಮೊದಲು ಕಾಯುವುದು ಉಪ್ಪು ಮತ್ತು ಹುಳಿ. ಹುಳಿಯನ್ನು ಅಳೆಯುವ ಪಿಎಚ್ ಅಂಕಿ (ಹುಳಿ ಹೆಚ್ಚಿದಷ್ಟೂ ಇದು ಕಡಿಮೆ) 4.6ಕ್ಕಿಂತ ಕೆಳಗಿದ್ದರೆ ಆ ಬ್ಯಾಕ್ಟೀರಿಯಾ ಬೆಳೆಯುವುದಿಲ್ಲ.

ಕೊನೆಗೆ ಕರಿಯುವ ವಿಷಯ. ಒಣಗಿದ ಕಾಯಿಗೆ ಮಜ್ಜಿಗೆಯ ಸಕ್ಕರೆ, ಪ್ರೋಟೀನು ಅಂಟಿಕೊಂಡಿರುತ್ತವೆ, ಕಾದ ಎಣ್ಣೆಯಲ್ಲಿ ಅವು ಬೇಗ ಕಂದಾಗುತ್ತವೆ. ಆ ಹುರಿದ ರುಚಿ ಬರುವುದು ಅದರಿಂದಲೇ, ಸೀದು ಕಹಿಯಾಗುವುದೂ ಅದರಿಂದಲೇ. ಸಣ್ಣ ಉರಿಯಲ್ಲಿ ಹಾಕಿ, ಬೇಕಾದ ಬಣ್ಣಕ್ಕಿಂತ ಒಂದು ಛಾಯೆ ತಿಳಿಯಿರುವಾಗಲೇ ತೆಗೆದುಬಿಡಿ. ಉಳಿದದ್ದನ್ನು ಕಾಯಲ್ಲಿರುವ ಬಿಸಿಯೇ ಮುಗಿಸುತ್ತದೆ, ನೀವು ಅಷ್ಟರಲ್ಲಿ ಮೊಸರನ್ನ ಕಲಸಬಹುದು.