ಎಸ್. ಚಂದ್ರಶೇಖರ್ ಅಂದರೆ ಯಾವ ಚಂದ್ರಶೇಖರ್?

ಹಳೆಯ ಫೋಟೋಗಳನ್ನು ಗುರುತಿಸಿ, ಜೋಪಾನ ಮಾಡಿ ಇಡುವುದು ನನ್ನ ಕೆಲಸ. ಭಾವಚಿತ್ರದ ಹಿಂದೆ ಇನಿಷಿಯಲ್ ಮತ್ತು ಹೆಸರಷ್ಟೇ ಬರೆದು ಕೊಡುವವರೇ ಜಾಸ್ತಿ. ಅಷ್ಟು ಸಾಲದು. ‘ಎಸ್. ಚಂದ್ರಶೇಖರ್, ಭೌತವಿಜ್ಞಾನಿ’ ಎಂದಿದ್ದರೆ ಯಾರೆಂದು ಹೇಳುವುದು?

ನಕ್ಷತ್ರಗಳನ್ನು ಅಧ್ಯಯನ ಮಾಡಿದ ಷಿಕಾಗೋದ ಸುಬ್ರಹ್ಮಣ್ಯನ್ ಚಂದ್ರಶೇಖರ್ ನಮಗೆಲ್ಲ ಗೊತ್ತು. ಇನ್ನೊಬ್ಬರು ದ್ರವ ಸ್ಫಟಿಕಗಳ, ಅಂದರೆ ದ್ರವದಂತೆ ಹರಿದರೂ ಸ್ಫಟಿಕದ ಹಾಗೆ ಅಣುಗಳು ಒಂದು ಕ್ರಮದಲ್ಲಿರುವ ವಸ್ತುಗಳ ವಿಜ್ಞಾನಿ ಶಿವರಾಮಕೃಷ್ಣ ಚಂದ್ರಶೇಖರ್. ಒಬ್ಬರು ಸಿ.ವಿ. ರಾಮನ್ ಅವರ ಅಣ್ಣನ ಮಗ, ಇನ್ನೊಬ್ಬರು ಸೋದರಿಯ ಮಗ. ಇಬ್ಬರೂ ಕೇಂಬ್ರಿಜ್‌ನಲ್ಲಿ ಸಂಶೋಧನೆ ಮಾಡಿದವರು. ಇಬ್ಬರಿಗೂ ಬ್ರಿಟನ್ನಿನ ವಿಜ್ಞಾನ ಅಕಾಡೆಮಿ ರಾಯಲ್ ಸೊಸೈಟಿಯ ರಾಯಲ್ ಪದಕ ಬಂದಿದೆ, 1962ರಲ್ಲಿ ಮತ್ತು 1994ರಲ್ಲಿ. 1983ರಲ್ಲಂತೂ ಒಬ್ಬರಿಗೆ ನೊಬೆಲ್ ಬಂತು, ಇನ್ನೊಬ್ಬರು ರಾಯಲ್ ಸೊಸೈಟಿಯ ಫೆಲೋ ಆದರು. ‘ರಾಮನ್ ಅವರ ಸಂಬಂಧಿ’ ಎಂದು ಸೇರಿಸಿದರೂ ಗೊಂದಲ ಹೋಗುವುದಿಲ್ಲ, ಅಲ್ವಾ?

ಇಲ್ಲಿ ನೆರವಿಗೆ ಬರುವುದು ಊರು, ವರ್ಷ, ಸಂಸ್ಥೆ. 1960ರ ದಶಕದ ಮೈಸೂರು ವಿಶ್ವವಿದ್ಯಾಲಯದ ಚಿತ್ರವಾದರೆ ಶಿವರಾಮಕೃಷ್ಣ ಅವರೇ ಇರಬೇಕು. 1961ರಲ್ಲಿ ಅಲ್ಲಿನ ಭೌತವಿಜ್ಞಾನ ವಿಭಾಗದ ಮೊದಲ ಮುಖ್ಯಸ್ಥರಾಗಿ ಬಂದವರು ಅವರು. 1971ರಲ್ಲಿ ಬೆಂಗಳೂರಿನ ರಾಮನ್ ಸಂಶೋಧನಾ ಸಂಸ್ಥೆಗೆ ಹೋದರು. ಉದ್ದನೆಯ, ಕಡ್ಡಿಯಂಥ ಅಣುಗಳೇ ದ್ರವ ಸ್ಫಟಿಕವಾಗುತ್ತವೆ ಎಂದು ಆಗ ಎಲ್ಲರೂ ನಂಬಿದ್ದರು. 1977ರಲ್ಲಿ ಚಂದ್ರಶೇಖರ್, ಬಿ.ಕೆ. ಸದಾಶಿವ ಮತ್ತು ಕೆ.ಎ. ಸುರೇಶ್ ಚಪ್ಪಟೆ ಅಣುಗಳಿಂದಲೂ ಅದು ಸಾಧ್ಯ ಎಂದು ತೋರಿಸಿದರು. ನಾಣ್ಯಗಳನ್ನು ಪೇರಿಸಿದ ಹಾಗೆ ಆ ಅಣುಗಳು ಒಂದರ ಮೇಲೊಂದು ಕೂತು ಕಂಬಗಳಾಗುತ್ತವೆ. ಮುಂದೆ ಟಿವಿ ಪರದೆಯನ್ನು ಪಕ್ಕದಿಂದ ನೋಡಿದರೂ ಚಿತ್ರ ಚೆನ್ನಾಗಿ ಕಾಣಲು ಇಂಥ ಅಣುಗಳ ತೆಳು ಹಾಳೆಗಳು ಬಳಕೆಗೆ ಬಂದವು. ಜಗತ್ತಿನ ಪ್ರಯೋಗಾಲಯಗಳು ಬೆನ್ನುಹತ್ತಿದ ಈ ಶೋಧ ನಡೆದದ್ದು ಬೆಂಗಳೂರಿನಲ್ಲಿ. ಅದನ್ನು ಮಾಡಿದವರ ಚಿತ್ರ ಬೇರೆಯವರ ಕಡತಕ್ಕೆ ಸೇರಿಹೋದರೆ ನನಗೆ ಸಂಕಟವಾಗುತ್ತದೆ.

ನಿಮ್ಮ ಮನೆಯಲ್ಲೂ ಇಂಥ ಚಿತ್ರ ಇರಬಹುದು. ಬಾಲ್‌ಪೆನ್ ಬೇಡ, ಅದರ ಒತ್ತು ಮುಂಭಾಗದಲ್ಲಿ ಮೂಡುತ್ತದೆ. ಮೆತ್ತನೆಯ ಪೆನ್ಸಿಲ್‌ನಿಂದ ಹಿಂಬದಿಯ ಅಂಚಿನಲ್ಲಿ ಪೂರ್ತಿ ಹೆಸರು, ಊರು, ವರ್ಷ ಬರೆಯಿರಿ. ಹಳೆಯ ಬರಹ ತಪ್ಪು ಅನಿಸಿದರೂ ಅಳಿಸಬೇಡಿ, ಪಕ್ಕದಲ್ಲಿ ತಿದ್ದುಪಡಿ ಸೇರಿಸಿ. ಗುಂಪು ಚಿತ್ರವಾದರೆ ಎಡದಿಂದ ಬಲಕ್ಕೆ ಎಲ್ಲರ ಹೆಸರೂ ಬೇಕು. 1960ರ ದಶಕದ ವಿದ್ಯಾರ್ಥಿಗಳು ಈಗ ಎಂಬತ್ತರ ಆಸುಪಾಸಿನಲ್ಲಿದ್ದಾರೆ. ಈ ವಾರವೇ ಅವರ ಬಳಿ ಕೂತು ಕೇಳಿ.